ನೆಲ ನೋಡಿ ನಡೆಯುತ್ತಿದ್ದ ಕರಿಯಾತು

ಸೇವಂತಿಲಾಲ್ ಶಾಹ್ ಅವರು ನಡೆಯುವುದನ್ನು ಹಿಂದಿನಿಂದ ನೋಡಿದ ಯಾರಿಗಾದರೂ, ಈ ಮನುಷ್ಯ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎನ್ನಿಸುತ್ತಿತ್ತು. ಕತ್ತು ಬಾಗಿಸಿ, ಮುಂದಿನ ನಾಲ್ಕು ಮೊಳ ನೆಲವನ್ನು ಕಣ್ಣಿನಿಂದಲೇ ಗುಡಿಸುತ್ತ, ಇರುವೆಯ ಸಾಲು ಅಡ್ಡ ಬಂದರೆ ಪಾಲಡಿ ಬಡಾವಣೆಯ ಆ ಗಿಜಿಗುಡುವ ರಸ್ತೆಯಲ್ಲೂ ನಿಂತುಬಿಟ್ಟು, ಹಿಂದಿನ ರಿಕ್ಷಾದವನ ಬೈಗುಳವನ್ನು ಪ್ರಸಾದದಂತೆ ಸ್ವೀಕರಿಸಿ, ಅನಂತರ ನಿಧಾನವಾಗಿ ಕಾಲೆತ್ತಿ ಮುಂದೆ ಹೋಗುತ್ತಿದ್ದರು. ಅಹಮದಾಬಾದಿನ ಮೇ ತಿಂಗಳಲ್ಲೂ ಮೈಬಿಡದ ಬೂದುಬಣ್ಣದ ತೋಳಿಲ್ಲದ ಕೋಟು. ಅದರ ಜೇಬಿನಲ್ಲಿ ಯಾವುದಾದರೊಂದು ಕಂಪನಿಯ ವಾರ್ಷಿಕ ವರದಿ, ಪೊಟ್ಟಣ ಕಟ್ಟಿದಂತೆ ಮಡಿಸಿಟ್ಟದ್ದು. ವೃತ್ತಿಯಿಂದ ಅವರು ಲೆಕ್ಕಪರಿಶೋಧಕರು, ಜನ್ಮದಿಂದ ಜೈನರು, ನನಗೆ ಎದುರುಮನೆಯವರು. ಮಾತು ಆರಂಭಿಸುವ ಮುಂಚೆ "ಏಮ್ ಕೇ...", ಅಂದರೆ 'ಏನಂದ್ರೆ...', ಎಂದು ಗುಜರಾತಿಯಲ್ಲಿ ರಾಗ ಎಳೆಯುವರು. ಆ ರಾಗ ಮುಗಿಯುವಷ್ಟರಲ್ಲಿ ಕೇಳುವವನ ಚಹಾ ಆರಿಹೋಗಿರುತ್ತಿತ್ತು. ಇಂಥ ಸಾಧುಪ್ರಾಣಿಯಿಂದ ಯಾರಿಗೆ ತಾನೇ ನೋವಾದೀತು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಆಗ ನಾನು ಆಶ್ರಮ ರಸ್ತೆಯ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ಅಂತರ್ಜಾಲದಲ್ಲಿ ಷೇರುದಾರರ ಹರಟೆಕಟ್ಟೆಯೊಂದನ್ನು ನಡೆಸುತ್ತಿದ್ದೆ. ಫೋನಿನ ತಂತಿ ಕೀರಲು ದನಿಯಲ್ಲಿ ಕೂಗಿ ಕೂಗಿ ಕೊನೆಗೆ ಲೋಕದೊಂದಿಗೆ ರಾಜಿಯಾಗುತ್ತಿದ್ದ ಕಾಲ ಅದು. ಯಾರು ಬೇಕಾದರೂ ಬರಬಹುದು, ಯಾವ ಹೆಸರನ್ನಾದರೂ ಇಟ್ಟುಕೊಳ್ಳಬಹುದು, ಬರೆದದ್ದನ್ನು ನಾನು ಅಳಿಸುವುದಿಲ್ಲ. ಕಟ್ಟೆಯ ಕಟ್ಟಳೆ ಇಷ್ಟೇ. ಅಹಮದಾಬಾದಿನಲ್ಲಿ ಈ ಮುಖವಾಡ ಚಪಲಕ್ಕೆ ಹಾಕಿಕೊಳ್ಳುವಂಥದ್ದಾಗಿರಲಿಲ್ಲ. ಅಲ್ಲಿ ಎಲ್ಲ ವ್ಯಾಪಾರಿಗಳೂ ಒಬ್ಬರಿಗೊಬ್ಬರು ಬೀಗರು. ಒಬ್ಬನ ಕಂಪನಿಯ ಬಗ್ಗೆ ಬಾಯಿಬಿಟ್ಟರೆ ಇನ್ನೊಬ್ಬನ ಮನೆಯಲ್ಲಿ ಮಗಳ ಸಂಬಂಧ ಮುರಿಯುತ್ತದೆ. ಆದ್ದರಿಂದ 'ಗೂಳಿ', 'ಫಾಫ್ಡಾ', 'ಮುಳುಗಿದವನು' ಮುಂತಾದ ಮಹನೀಯರು ನನ್ನ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಮನಸ್ಸು ಬಿಚ್ಚಿ ಜಗಳವಾಡುತ್ತಿದ್ದರು. ಅಷ್ಟು ನಿಜವನ್ನು ಅಷ್ಟು ಅಗ್ಗವಾಗಿ ನಾನು ಮತ್ತೆಲ್ಲೂ ಕೇಳಿಲ್ಲ.

ಅವರೆಲ್ಲರ ನಡುವೆ ಸಾರ್ವಭೌಮನಂತಿದ್ದವನು 'ಕರಿಯಾತು'. ನಮ್ಮ ನೆಲಬೇವಿನ ಹಾಗೆ ಚೈತ್ರದಲ್ಲಿ ಮೂಗು ಹಿಡಿದು ಕುಡಿಸುವ ಅಲ್ಲಿನ ಕಹಿ ಕಷಾಯದ ಹೆಸರದು. ಅವನ ವಾಕ್ಯಗಳಿಗೆ ರಾಗವಿರಲಿಲ್ಲ, ಹಲ್ಲಿತ್ತು.

"ಬೆಳಿಗ್ಗೆ ಬೆಳಿಗ್ಗೆನೇ ಬಾಯಿ ಕಹಿ ಮಾಡ್ಬೇಡ ಕಣೋ, ಆ ಷೇರು ನನ್ನ ಹತ್ರ ಇದೆ" ಎಂದು ಫಾಫ್ಡಾ ಗೋಗರೆದರೆ, "ಅದಕ್ಕೇ ಮೊದಲ ಲೋಟ ನಿನಗೆ" ಎಂದು ಉತ್ತರ ಬರುತ್ತಿತ್ತು.

ನೌತಮ್‌ಭಾಯಿಯ 'ಮೇಘಧಾರಾ ಪೈಪ್ಸ್' ಕಂಪನಿಯ ಷೇರು ಗಾಳಿಪಟದಂತೆ ಏರುತ್ತಿದ್ದಾಗ ಕರಿಯಾತು ಬಸ್ಸು ಹತ್ತಿ ಹೋಗಿ ಅದರ ಗೋದಾಮನ್ನು ಬೇಲಿಯಾಚೆಯಿಂದ ನೋಡಿಕೊಂಡು ಬಂದು ಬರೆದ: ಈ ವರ್ಷ ತಯಾರಾದವೆಂದು ಲೆಕ್ಕದಲ್ಲಿ ತೋರಿಸಿರುವ ಪೈಪುಗಳ ಒಳಗಿಂದ ಎದೆಯುದ್ದ ಜಾಲಿ ಬೆಳೆದು ನಿಂತಿದೆ, ಗೋದಾಮಿನಲ್ಲಿ ಬೆಳವಣಿಗೆ ಕಂಡಿರುವುದು ಅದೊಂದೇ. ಎಷ್ಟೋ ಸಣ್ಣ ಸಂಸಾರಗಳು ಅದನ್ನು ಓದಿ ಷೇರು ಮಾರಿ ಬಚಾವಾದವು. ಬರೆಹ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಚಪ್ಪಾಳೆ ಎಂಥವನ ಕೈಯನ್ನೂ ಸಡಿಲಗೊಳಿಸುತ್ತದೆ. ನೌತಮ್‌ಭಾಯಿಗೆ ಬಾಲ್ಯದ ಪೋಲಿಯೊದಿಂದ ಒಂದು ಕಾಲು ಸೊಟ್ಟ. ಮರುದಿನ ಕರಿಯಾತು ಇನ್ನೊಂದು ಸಾಲು ಸೇರಿಸಿದ: 'ಕಂಪನಿಯ ಲಾಭವೂ ಯಜಮಾನನ ಹಾಗೆಯೇ ಕಾಲೆಳೆದುಕೊಂಡು ನಡೆಯುತ್ತದೆ.' ಕಟ್ಟೆಗೆ ಕಟ್ಟೆಯೇ ನಕ್ಕಿತು, ನಾನೂ ನಕ್ಕೆ.

ಕಂಪನಿಯ ವಕೀಲರಿಂದ ನನಗೆ ನೋಟಿಸು ಬಂತು: ಬರೆದವನ ಹೆಸರು ಕೊಡಿ, ಇಲ್ಲವೇ ಕೋರ್ಟಿಗೆ ಬನ್ನಿ. ಗೊತ್ತಿದ್ದರಲ್ಲವೇ ಕೊಡುವುದು! ಗೊತ್ತಿದ್ದರೂ ಕೊಡುವುದಿಲ್ಲವೆಂದು ಜಂಬದಿಂದಲೇ ಉತ್ತರ ಬರೆದು ಕುಳಿತೆ.

ಅಷ್ಟರಲ್ಲಿ ಜೈನರ ಉಪವಾಸದ ಹಬ್ಬ ಪರ್ಯುಷಣ ಬಂತು. ಅದರ ಕೊನೆಯ ದಿನ ಸಂವತ್ಸರಿ. ವರ್ಷವಿಡೀ ತಿಳಿದೋ ತಿಳಿಯದೆಯೋ ನೋಯಿಸಿದವರೆಲ್ಲರ ಬಳಿ "ಮಿಚ್ಛಾಮಿ ದುಕ್ಕಡಂ" ಎಂದು ಕ್ಷಮೆ ಬೇಡದೆ ಜೈನರಿಗೆ ಆ ವರ್ಷ ಮುಗಿಯುವುದಿಲ್ಲ. ಮರುದಿನ ಬೆಳಿಗ್ಗೆ ಉಪವಾಸ ಬಿಟ್ಟವರೇ ಸೇವಂತಿಭಾಯಿ ಪ್ರತಿ ವರ್ಷದಂತೆ ನನ್ನ ಬಾಗಿಲಿಗೆ ಬಂದು ಕೈಮುಗಿದರು. ಆದರೆ ಆ ದಿನ "ಏಮ್ ಕೇ" ಇರಲಿಲ್ಲ.

"ಹೆಬ್ಬಾರ್‌ಭಾಯಿ, ನನ್ನಿಂದ ನಿಮಗೆ ನೋಟಿಸು ಬಂತು. ಕರಿಯಾತು ನಾನೇ."

ನಾನು ಅವರನ್ನು ಒಳಗೆಳೆದು ಬಾಗಿಲು ಹಾಕಿದೆ.

"ಈಗ ನೌತಮ್‌ಭಾಯಿ ಮನೆಗೆ ಹೊರಟಿದ್ದೀನಿ. ನಿನ್ನೆ ದೇರಾಸರಕ್ಕೆ ಪೂಜೆಗೆ ಹೋದಾಗ ಮೆಟ್ಟಿಲಲ್ಲಿ ನೋಡಿದೆ, ಗೋಡೆ ಹಿಡ್ಕೊಂಡು ಹತ್ತುತಿದ್ರು. ಇರುವೆ ನೋಡಿ ನಡೆಯೋನು ನಾನು. ಒಬ್ಬ ಮನುಷ್ಯನ ಸೊಟ್ಟ ಕಾಲನ್ನೇ ತುಳಿದೆನಲ್ಲ."

"ನಿಮಗೇನು ತಲೆ ಕೆಟ್ಟಿದೆಯಾ? ನಿಮ್ಮ ಗಿರಾಕಿಗಳೆಲ್ಲ ಅವರ ನೆಂಟರು. ನಾಳೆ ಒಬ್ಬನೂ ನಿಮ್ಮ ಆಫೀಸಿನ ಮೆಟ್ಟಿಲು ಹತ್ತಲ್ಲ. ಕಟ್ಟೆ ಮೇಲೇ ಕರಿಯಾತು ಅಂತಲೇ ಕ್ಷಮೆ ಕೇಳಿಬಿಡಿ. ಇಲ್ಲಾ, ಆ ಸಾಲನ್ನ ನಾನು ಅಳಿಸಿಬಿಡ್ತೀನಿ, ನನ್ನ ಕಟ್ಟಳೆ ಹಾಳಾಗಿ ಹೋಗ್ಲಿ."

"ಅಳಿಸಬೇಡಿ. ಅಳಿಸಿದ್ರೆ ನಾನು ಯಾತಕ್ಕೆ ಕೈಮುಗಿಯೋದು? ಕಷಾಯಕ್ಕೆ ಯಾರು ಕ್ಷಮೆ ಕೊಡ್ತಾರೆ ಹೇಳಿ. ಮನುಷ್ಯನೇ ಹೋಗಬೇಕು."

ತಡೆಯಲಾರದೆ ನಾನೂ ಜೊತೆಗೆ ಹೋದೆ. ನೌತಮ್‌ಭಾಯಿಯ ಹಜಾರದಲ್ಲಿ ಬಂದವರಿಗೆಲ್ಲ ಪಾರಣೆಗೆಂದು ಹೆಸರುಕಾಳು ಬೇಯಿಸಿದ ನೀರನ್ನು ಬಟ್ಟಲಲ್ಲಿ ಕೊಡುತ್ತಿದ್ದರು. ಸೇವಂತಿಭಾಯಿ ಬಟ್ಟಲು ಮುಟ್ಟಲಿಲ್ಲ. ನಿಂತುಕೊಂಡೇ ಹೇಳಿದರು: "ಪೈಪಿನ ಬಗ್ಗೆ ಬರೆದದ್ದಕ್ಕೆ ಕ್ಷಮೆ ಕೇಳೋದಿಲ್ಲ, ಅದು ಕಣ್ಣಾರೆ ಕಂಡದ್ದು. ಕಾಲಿನ ಬಗ್ಗೆ ಬರೆದದ್ದಕ್ಕೆ ಕೇಳ್ತೀನಿ. ಮಿಚ್ಛಾಮಿ ದುಕ್ಕಡಂ."

ನೌತಮ್‌ಭಾಯಿ ಕಷ್ಟಪಟ್ಟು ಎದ್ದುನಿಂತು ಕೈಮುಗಿದರು. "ಮಿಚ್ಛಾಮಿ ದುಕ್ಕಡಂ, ಸೇವಂತಿಭಾಯಿ. ಕಾಲಿನದು ಇವತ್ತಿಗೆ ಮರೆತೆ. ಪೈಪಿನದು ನಾಳೆಯಿಂದ ನೋಡ್ಕೊಳ್ಳೋಣ. ಈಗ ಬಟ್ಟಲು ತಗೊಳ್ಳಿ, ಆರಿಹೋಗುತ್ತೆ."

ಇಬ್ಬರೂ ಮಾತಿಗೆ ತಪ್ಪಲಿಲ್ಲ. ಈ ಸಲ ನೋಟಿಸು ಸೇವಂತಿಭಾಯಿಯ ಮನೆಗೇ, ತಂದೆಯ ಹೆಸರು ಸಮೇತ, ಚಾಚೂ ತಪ್ಪದೆ ಬಂತು. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಗಳ ಪೂಜೆಗೆ ಅವರನ್ನು ಕರೆಯುವವರು ಯಾರೂ ಉಳಿಯಲಿಲ್ಲ. ಆಫೀಸಿಗೆ ಬೀಗ ಬಿತ್ತು. ಮೊಕದ್ದಮೆ ಎಳೆಯುತ್ತ ಎಳೆಯುತ್ತ ಹೋಗಿ, ಕಂಪನಿ ಮುಳುಗಿದ ದಿನ ತಾನಾಗಿ ಸತ್ತುಹೋಯಿತು. ಸೇವಂತಿಭಾಯಿ ಅನಂತರವೂ ಕಟ್ಟೆಗೆ ಬರುತ್ತಿದ್ದರು, ಸ್ವಂತ ಹೆಸರಿನಲ್ಲಿ. ಬರೆಹದೊಳಕ್ಕೂ ಆ "ಏಮ್ ಕೇ" ನುಸುಳಿತ್ತು. ಒಂದೊಂದು ಪದವನ್ನೂ ಇರುವೆ ಇದೆಯೋ ಎಂದು ನೋಡಿ ಇಡುತ್ತಿದ್ದರು. "ಕಾಕಾ, ನಮಗೆ ಹಳೆ ಕಷಾಯಾನೇ ಬೇಕು" ಎಂದು ಫಾಫ್ಡಾ ಛೇಡಿಸುತ್ತಿದ್ದ. ನನಗೂ ಅದೇ ಬೇಕಿತ್ತು.

ಈಗ ಸೇವಂತಿಭಾಯಿ ಇಲ್ಲ, ಕಟ್ಟೆಯೂ ಇಲ್ಲ. ಇಂದು ಮುಸುಕು ಹಾಕಿ ಬೈಯುವವರೂ, ಮುಸುಕು ತೆಗೆದು ತಮ್ಮನ್ನು ತಾವೇ ಹೊಗಳಿಕೊಳ್ಳುವವರೂ ಬೇಕಾದಷ್ಟಿದ್ದಾರೆ. ಸೇವಂತಿಭಾಯಿಯಂಥವರ ಬಗೆಯೇ ಬೇರೆ. ನಿಜ ಹೇಳುವಾಗ ಅವರಿಗೆ ತಮ್ಮ ಹೆಸರು ನೆನಪಾಗುವುದಿಲ್ಲ, ಏಕೆಂದರೆ ನಿಜ ಅವರೊಬ್ಬರದೇ ಅಲ್ಲ. ತಪ್ಪು ಮಾತ್ರ ತಮ್ಮದೇ ಎಂದು ಬಗೆದು, ಅದರ ಮುಂದೆ ನಿಲ್ಲಬೇಕಾದಾಗ ಒಗೆದ ಕೋಟು ತೊಟ್ಟಂತೆ ಹೆಸರನ್ನು ತೊಟ್ಟು ಹೊರಡುತ್ತಾರೆ. ಇಂಥವರು ದಾರಿಯಲ್ಲಿ ನಮ್ಮ ಮುಂದೆ ನಿಂತುಬಿಟ್ಟಾಗ ನಾವು ಬೈಯುತ್ತೇವೆ. ಅವರ ಕಾಲ ಬಳಿ ಏನು ಹಾದುಹೋಗುತ್ತಿದೆ ಎಂದು ಬಗ್ಗಿ ನೋಡುವುದಿಲ್ಲ.