ಹೊಲಿಗೆ ಹೊರಗಿರಲಿ

ಸೈಬರ್‌ಪಂಕ್ ಎಂದರೆ ಪ್ರಾಣ ಬಿಡುವ ನಾವು ಐದು ಜನ ಭಾನುವಾರ ಮಧ್ಯಾಹ್ನ ಬ್ಯಾಟರಿಯ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿ, ಮನುಷ್ಯರು ಯಂತ್ರದ ಕೈಕಾಲು ತೊಟ್ಟು ಓಡಾಡುವ ಭವಿಷ್ಯದ ನಗರಗಳ ಸಿನಿಮಾ ನೋಡುತ್ತಿದ್ದೆವು. ಬ್ಯಾಟರಿ ಎನ್ನುವುದು ಅಡ್ಡಹೆಸರು; ರೇಡಿಯೊ, ಫ್ಯಾನು ರಿಪೇರಿ ಮಾಡುತ್ತಾನೆ, ಬೇಡವೆಂದರೂ ಮಾತಾಡುತ್ತಾನೆ. "ನಂಗೊಂದು ಉಕ್ಕಿನ ಕೈ ಇದ್ದಿದ್ರೆ!" ಎಂದು ಅಲ್ಲಿ ಎಲ್ಲರಿಗಿಂತ ಹೆಚ್ಚು ಬಾಯಿ ಬಡಿದುಕೊಂಡವಳು ನಾನೇ.

ಕಳೆದ ವರ್ಷ ಲಾರಿ ಹರಿದು ನನ್ನ ಎಡಗೈ ಮೊಣಕೈ ಕೆಳಗೆ ಹೋಯಿತು. ಆಸ್ಪತ್ರೆಗೆ ಬಂದ ಗುಂಪಿನವನೊಬ್ಬ ನಗಿಸಲೆಂದು, "ನಿನ್ನಾಸೆ ಈಡೇರ್ತು ನೋಡು" ಎಂದ. ಅವತ್ತಿನಿಂದ ನಾನು ಆ ಮೆಟ್ಟಿಲು ಹತ್ತಲಿಲ್ಲ.

ನನ್ನ ಕೆಲಸ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ, ಕಾಗದ ಕತ್ತರಿಸುವ ಯಂತ್ರದ ಮೇಲೆ. ಎರಡು ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಯಾರ ಬೆರಳೂ ಅಲಗಿನಡಿ ಸಿಗಬಾರದೆಂದು ಆ ಏರ್ಪಾಡು. ಕೃತಕ ಕೈ ಬರುವ ತಿಂಗಳ ಕೊನೆಯವರೆಗೆ ನನ್ನ ಜಾಗ ಕಾದಿರಿಸುವುದಾಗಿ ಯಜಮಾನರು ಹೇಳಿದ್ದರು.

ತಿಂಗಳ ಮೊದಲಲ್ಲೇ ಆ ಕೈ ಬಂತು. ಒಳಗೆ ಬಟ್ಟೆಯ ಚೀಲ ಏರಿಸಿ ಹಾಕಿದರೂ ಅರ್ಧ ಗಂಟೆಗೆ ಕೈತುದಿ ಉರಿದು ಗುಳ್ಳೆ ಏಳುತ್ತಿತ್ತು. ಮಾಡಿಕೊಟ್ಟ ಮುದುಕರಿಗೆ ಮನೆಯಲ್ಲಿ ಕೂತು ಹಿಡಿಶಾಪ ಹಾಕಿದೆ. ಹೋಗಿ ಹೇಳಲು ಜಂಭ ಬಿಡಲಿಲ್ಲ. ಮೂರು ವಾರ ಕಳೆದ ಮೇಲೆ ಕೈಯನ್ನು ಪೆಟ್ಟಿಗೆಗೆ ತುಂಬಿ ಅಕ್ಕನ ಮುಂದೆ ಕುಕ್ಕಿದೆ. "ನಾಳೆ ವಾಪಸ್ ಕೊಟ್ಬಾ. ಕೆಲ್ಸಾನೂ ಬೇಡ ಅಂತ ಹೇಳ್ಬಿಡು."

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಬ್ಯಾಟರಿ ವಕ್ಕರಿಸಿದ. "ಒಂದು ಅನಿಮೇಷನ್ ಸಿನಿಮಾ ತಂದಿದೀನಿ. ನೀನು ನೋಡ್ಲೇಬೇಕು."

"ಉಕ್ಕಿನ ಕೈಲಿ ಗೋಡೆ ಒಡೀತಾರಾ? ತಲೆ ತಿನ್ಬೇಡ, ಹೋಗು."

"ನಲವತ್ತು ನಿಮಿಷ ನೋಡು. ಆಮೇಲೆ ಎಷ್ಟು ಬೇಕಾದ್ರೂ ಬೈಕೋ" ಎಂದು ಟಿವಿಗೆ ಹಾಕಿಯೇ ಬಿಟ್ಟ.

ಬೆಡಗನ್ನು ಒಪ್ಪಲೇಬೇಕು. ನೇರಳೆ ಮಂಜಿನೊಳಗೆ ತಲೆಕೆಳಗಾಗಿ ಓಡುವ ರೈಲು, ಜಾಹೀರಾತಿನ ಬೆಳಕಲ್ಲಿ ಬಣ್ಣ ಬದಲಿಸುವ ಮುಖಗಳು. ನಾಯಕಿ ಬೇರೆಯವರ ನೆನಪು ಕದ್ದು ಸಾಗಿಸುವವಳು. ನಲವತ್ತನೇ ನಿಮಿಷಕ್ಕೆ ಅವಳ ಓಟವೆಲ್ಲ ನಿಲ್ಲುತ್ತದೆ. ಮಂಚದ ಅಂಚಿನಲ್ಲಿ ಕೂತು ಲೋಹದ ಕೈ ಬಿಚ್ಚುತ್ತಾಳೆ. ಕೈತುದಿಯನ್ನು ಒರೆಸಿಕೊಂಡು, ಒಳಗೆ ಹಾಕುವ ಬಟ್ಟೆಯ ಚೀಲವನ್ನು ಮಗುಚಿ, ಹೊಲಿಗೆ ಹೊರಗೆ ಬರುವಂತೆ ಏರಿಸಿಕೊಳ್ಳುತ್ತಾಳೆ.

"ನಿಲ್ಸು!" ಎಂದು ಕೂಗಿ ಪೆಟ್ಟಿಗೆ ತೆರೆದೆ. ಅಷ್ಟು ದಿನವೂ ನಾನು ನನ್ನ ಚೀಲವನ್ನು ಕಾಲುಚೀಲದಂತೆ, ಹೊಲಿಗೆ ಒಳಗಿಟ್ಟೇ ಹಾಕುತ್ತಿದ್ದೆ. ಚರ್ಮ ಉಜ್ಜಿ ಗುಳ್ಳೆ ಏಳಿಸುತ್ತಿದ್ದುದು ಆ ಹೊಲಿಗೆಯೇ.

ಮಾರನೆಯ ದಿನ ನಾನೇ ಹೋಗಿ ಹೇಳಿದಾಗ ಮುದುಕರು ಹಣೆ ಚಚ್ಚಿಕೊಂಡರು. "ಅಯ್ಯೋ, ಇಷ್ಟು ಸಣ್ಣ ಮಾತು ಹೇಳ್ದೇ ಹೋದ್ನಲ್ಲಮ್ಮಾ! ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡೆ."

ಗುಳ್ಳೆ ಮಾಯುವಷ್ಟರಲ್ಲಿ ತಿಂಗಳ ಕೊನೆಯ ದಿನ ಬಂತು. ಯಜಮಾನರು ಪಕ್ಕದಲ್ಲಿ ನಿಂತಿದ್ದರು. ಎರಡೂ ಗುಂಡಿಗಳನ್ನು ಒತ್ತಿದೆ. ಅಲಗು ಇಳಿಯಿತು. ನಾನು ಎಲ್ಲರೆದುರೇ ಅತ್ತುಬಿಟ್ಟೆ.

ಆ ಭಾನುವಾರ ಮೆಟ್ಟಿಲು ಹತ್ತಿದೆ. ಅವತ್ತು ಹಾಸ್ಯ ಮಾಡಿದ್ದವನು ತಲೆ ತಗ್ಗಿಸಿ ತನ್ನ ಕುರ್ಚಿ ಬಿಟ್ಟುಕೊಟ್ಟ. ಬ್ಯಾಟರಿಯ ಮಾತನ್ನೆಲ್ಲ ಮೊದಲ ಸಲ ಕೊನೆಯವರೆಗೆ ಕೇಳಿದೆ.

ಈಗ ಸೈಬರ್‌ಪಂಕ್ ಹುಚ್ಚಿನವರು ಯಾರೇ ಸಿಕ್ಕರೂ ಆ ಚಿತ್ರ ನೋಡಿ ಎನ್ನುತ್ತೇನೆ. ಬಣ್ಣ ನೋಡಿ, ಓಟ ನೋಡಿ. ನಲವತ್ತನೇ ನಿಮಿಷಕ್ಕೆ ಮಾತ್ರ ಎದ್ದು ಹೋಗಬೇಡಿ. ಹೊಲಿಗೆ ಯಾವ ಕಡೆ ಇರಬೇಕೆಂದು ಯಾರನ್ನೋ ಕೇಳಿ ತಿಳಿದು ಆ ದೃಶ್ಯ ಬರೆದವರೊಬ್ಬರಿದ್ದಾರೆ. ಅವರ ಹೆಸರು ನನಗೆ ಗೊತ್ತಿಲ್ಲ. ಪ್ರತಿ ಬೆಳಿಗ್ಗೆ ಚೀಲ ಮಗುಚುವಾಗ ಅವರನ್ನು ನೆನೆಯುತ್ತೇನೆ.