ಅಖ್ಮೀಮಿನ ಪುಟ್ಟ ಅಂಗಿ

ಅಖ್ಮೀಮ್ ಊರಿನ ಹಿಂದಿನ ಗುಡ್ಡದಲ್ಲಿ, ಹಳೆಯ ಕ್ರೈಸ್ತರ ಸಮಾಧಿಗಳ ನಡುವೆ ಸಿಕ್ಕಿದ್ದ ಉಣ್ಣೆಯ ಅಂಗಿಯನ್ನು ಬಾಖೂಮ ಮನೆಗೆ ತಂದಾಗ ಅವನ ಹೆಂಡತಿ ದಮ್ಯಾನಾ ಅಂಗಳದಲ್ಲಿ ಕಾಳು ಸುಲಿಯುತ್ತಿದ್ದಳು. ಇಂಥ ವಸ್ತುಗಳನ್ನು ಕೊಂಡು ಅಲೆಕ್ಸಾಂಡ್ರಿಯಾದ ಗ್ರೀಕ್ ವಿಧವೆ ಮದಾಮ್ ಅಸ್ಪಾಸಿಯಾಳ ಸಂಗ್ರಹಕ್ಕೆ ಒಯ್ದುಕೊಡುವುದು ಅವನ ಕಸುಬು. ಮಣ್ಣಿನ ದೀಪ, ಮೂಳೆಯ ಬಾಚಣಿಗೆ, ಸಂತರ ಚಿತ್ರ ಒತ್ತಿದ ಎಣ್ಣೆಕುಡಿಕೆ, ಎಷ್ಟೋ ಒಯ್ದಿದ್ದ. ಇಷ್ಟು ಪುಟ್ಟ ಅಂಗಿ ಮಾತ್ರ ಇದೇ ಮೊದಲು. ಭುಜದ ಮೇಲೆ ಮೀನು, ಎದೆಯ ಮೇಲೆ ಕುಣಿಯುವ ಮೊಲಗಳು.

ದಮ್ಯಾನಾ ಕೈ ಒರೆಸಿಕೊಂಡು ಮುಟ್ಟಿ ನೋಡಿದಳು. "ಸೊಂಟದ ಹತ್ರ ಮಡಿಚಿ ಹೊಲಿದಿದಾರೆ ನೋಡ್ರೀ. ಮಗು ಬೆಳೆದ್ಮೇಲೆ ಬಿಚ್ಚೋಣ ಅಂತ."

"ಬಿಚ್ಚಲೇ ಇಲ್ವಲ್ಲೇ."

"ಇಲ್ಲ," ಎಂದಳು ದಮ್ಯಾನಾ. ಆಮೇಲೆ ಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ರೈಲಿನಲ್ಲಿ ಬಾಖೂಮ ಅಂಗಿಯ ಗಂಟನ್ನು ಪೆಟ್ಟಿಗೆಯಲ್ಲಿಡದೆ ತೊಡೆಯ ಮೇಲಿಟ್ಟುಕೊಂಡ. ಕಿಟಕಿಯಾಚೆ ಕಾಲುವೆ ಬಿಸಿಲಿನಲ್ಲಿ ಕರಗಿ ಹರಿಯುತ್ತಿತ್ತು. ಕಣ್ಣು ಎಳೆಯಿತು. ಗೋಧಿ ಹೊಲದ ಬದುವಿನ ಮೇಲೆ ಮಗುವೊಂದು ತೊಟ್ಟ ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ರೈಲಿನ ಜೊತೆಗೇ ಓಡುತ್ತಿತ್ತು. ಹಿಂದಿನಿಂದ ಯಾರೋ ಹೆಂಗಸು, "ನಿಧಾನ ಕಂದಾ, ಬಿದ್ದೀಯ!" ಎಂದಳು. ಅವಳ ಮಾತು ಅರಬ್ಬಿಯಲ್ಲ, ಇಗರ್ಜಿಯ ಹಳೆಯ ಭಾಷೆಯೂ ಅಲ್ಲ. ಆದರೂ ಅವನಿಗೆ ತಿಳಿಯಿತು. ಮಗು ಎಡವಲಿಲ್ಲ. ಗೋಧಿಯೊಳಗೆ ನುಗ್ಗಿತು, ತೆನೆಗಳು ಮುಚ್ಚಿಕೊಂಡವು.

ಮದಾಮ್ ಅಸ್ಪಾಸಿಯಾ ಅಂಗಿಯನ್ನು ಮೇಜಿನ ಮೇಲೆ ಹರಡಿ, ಕತ್ತರಿ ತರಿಸಿಕೊಂಡಳು. "ಮೀನೂ ಮೊಲಾನೂ ಚೆನ್ನಾಗಿವೆ. ಅವಷ್ಟನ್ನ ಕತ್ತರಿಸಿ ಚೌಕಟ್ಟು ಹಾಕಿಸ್ತೀನಿ. ಉಳಿದಿದ್ದು ಗೋಣಿ ಥರ ಇದೆ, ನೀನೇ ತಗೊಂಡು ಹೋಗು."

"ಬೇಡ ಮದಾಮ್."

"ಏನಂದೆ?" ಇಷ್ಟು ವರ್ಷದಲ್ಲಿ ಅವನು ಅವಳಿಗೆ ಬೇಡ ಎಂದದ್ದಿರಲಿಲ್ಲ. "ದೊಡ್ಡ ಮನುಷ್ಯ ಆಗ್ಬಿಟ್ಟೆ ನೀನು!"

ಬಾಖೂಮ ಅಂಗಿಯ ಸೊಂಟದ ಮೇಲೆ ಬೆರಳಿಟ್ಟ. "ಕತ್ತರಿಸೋದಾದ್ರೆ ವಾಪಸ್ ಒಯ್ತೀನಿ. ಈ ಮಡಿಕೆ ನೋಡಿ. ಬೆಳೆಯೋ ಮಗೂಗೆ ಅಂತ ಇಟ್ಟಿದ್ದು."

ಹೊಲಿಗೆ ಒಂದು ಕಡೆ ತಾನಾಗಿ ಬಿಟ್ಟುಕೊಂಡಿತ್ತು. ಮದಾಮ್ ಬೆರಳ ತುದಿಯಿಂದ ಅಲ್ಲಿ ತುಸು ಅಗಲಿಸಿದಳು. ಹೊರಗಿನ ಬಟ್ಟೆ ಒಣಗಿದ ಖರ್ಜೂರದ ಬಣ್ಣ. ಒಳಗೆ, ಬಿಸಿಲೇ ಕಾಣದ ಕಡೆ, ಆಗಷ್ಟೇ ಒಡೆದ ದಾಳಿಂಬೆಯ ಕೆಂಪು. ಕೋಣೆಯ ಗಾಜಿನ ಬೀರುಗಳೆಲ್ಲ ಒಮ್ಮೆಗೇ ಮಬ್ಬಾದಂತಾಯಿತು. ಇಬ್ಬರೂ ಬಾಗಿ ನೋಡುತ್ತ ನಿಂತರು.

"ಹೆಣ್ಣೋ, ಗಂಡೋ?" ಎಂದಳು ಮದಾಮ್.

"ಗೊತ್ತಿಲ್ಲ ಮದಾಮ್."

"ತುಂಟ ಮಗು. ಇಲ್ನೋಡು, ತೋಳಿಗೆ ತೇಪೆ ಹಾಕಿದಾರೆ." ಅವಳೇ ಎದ್ದು ಕಿಟಕಿಗಳನ್ನು ಮುಚ್ಚಿದಳು. ಬೆಳಕು ಬಿದ್ದರೆ ಬಣ್ಣ ಹೋದೀತೆಂದು ಅಗಲವಾದ ಖಾನೆಯೊಂದನ್ನು ಬರಿದು ಮಾಡಿಸಿ, ಬಿಳಿ ಹಾಸು ಹಾಸಿ, ಅಂಗಿಯನ್ನು ಇಡಿಯಾಗಿ ಅದರಲ್ಲಿ ಮಲಗಿಸಿದಳು.

ಬಾಖೂಮ ಆ ದಿನ ಎಂದಿನಂತೆ ನೇರ ಸ್ಟೇಷನ್ನಿಗೆ ಓಡಲಿಲ್ಲ. ಕಡಲ ದಂಡೆಯಲ್ಲಿ ಉಪ್ಪು ಹಾಕಿ ಬೇಯಿಸಿದ ಕಾಳು ಕೊಂಡು, ಗೋಡೆಯ ಮೇಲೆ ಕೂತು, ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ, ಹಡಗುಗಳು ಹೋಗುವುದನ್ನು ನೋಡಿದ.