ಹನ್ನೊಂದು ಮನೆ, ನಲವತ್ತೆರಡು ಕಲಂ

ನಿವೃತ್ತಿ ಎಂದರೆ ಕೆಲಸ ಬಿಡುವುದು ಎಂದು ನಂಬಿದವರು ನಮ್ಮ ಇನ್ಸ್‌ಪೆಕ್ಟರರನ್ನು ನೋಡಿಲ್ಲ. ಇದು ನಡೆದ ಸಂಗತಿ. ಒಗ್ಗರಣೆ ಮಾತ್ರ ಹೇಳುವವರದು.

ಅಳತೆ-ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿಗೆ ನಡುಕ ಹುಟ್ಟಿಸಿದ ಈ ಮಹಾನುಭಾವರು, ಉಳಿದ ಆಯುಷ್ಯವನ್ನು ವರ್ಷವಿಡೀ ಬಿಸಿಲಿರುವ ದೇಶದಲ್ಲಿ ಕಳೆಯೋಣವೆಂದು ಹೆಂಡತಿಯ ಜೊತೆ ವಿಮಾನ ಹತ್ತಿ ಬಂದಿಳಿದರು. ಹೆಂಡತಿ ಆಪರೇಷನ್ ಥಿಯೇಟರಿನ ನರ್ಸ್. ಲೋಕವೆಲ್ಲ ಆಕೆಯನ್ನು ಸಿಸ್ಟರ್ ಎಂದು ಕರೆದರೂ ಆಕೆ ಹುಟ್ಟಿನಿಂದ ಸಿಸ್ಟರ್ ಆಗಿದ್ದುದು ಒಬ್ಬನಿಗೆ ಮಾತ್ರ: ಇಪ್ಪತ್ತು ವರ್ಷದಿಂದ ಇದೇ ದೇಶದಲ್ಲಿ ಬೇರೂರಿದ್ದ ತಮ್ಮನಿಗೆ. ತಮ್ಮ ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದು ಮಲಗಿದವರ ಮುಂದೆ ತಾನೊಬ್ಬನೇ ಮಾತಾಡುವ ಸುಖ ಉಂಡವನು; ಯಾರ ದನಿಯನ್ನಾದರೂ ಕಿತ್ತು ತನ್ನ ಬಾಯಲ್ಲಿ ಕೂರಿಸಿಕೊಳ್ಳಬಲ್ಲವನು.

ಅಕ್ಕ-ಭಾವ ಅವನ ಮನೆಯಲ್ಲಿ ಒಂದು ವಾರ ಇರುತ್ತೇವೆಂದು ಬಂದವರು ಏಳನೇ ವಾರಕ್ಕೆ ಕಾಲಿಟ್ಟಿದ್ದರು. ಕಾರಣ, ಭಾವನ ಚರ್ಮದ ಚೀಲ. ಅದರೊಳಗೆ ಟೇಪು, ರಸಮಟ್ಟ, ಉಷ್ಣಮಾಪಕ, ಲೀಟರಿನ ಹಿತ್ತಾಳೆ ಪಾತ್ರೆ, ನೆಲದ ಇಳಿಜಾರು ಹಿಡಿಯಲು ಒಂದು ಗೋಲಿ. ಯಾವ ಮನೆಗೆ ಹೋದರೂ ಮೊದಲು ಗೋಲಿ ನೆಲಕ್ಕೆ ಬೀಳುತ್ತಿತ್ತು, ಆಮೇಲೆ ಮನೆಯವರ ಮುಖ. ಬೆಟ್ಟದ ಮೇಲಿನ ಮನೆ ಚೆನ್ನಾಗಿತ್ತು. ಆದರೆ ಬಾಗಿಲ ಹೊರಗೆ ಬಿಟ್ಟ ಶೂಗಳಿಗೆ ಮೂರು ಗಂಟೆಯೊಳಗೆ ಬೂಷ್ಟು ಹತ್ತಿತು. ಹದಿನಾಲ್ಕನೇ ಮಹಡಿಯ ಫ್ಲ್ಯಾಟೂ ಚೆನ್ನಾಗಿತ್ತು; ಲಿಫ್ಟು ಐವತ್ತಮೂರು ಸೆಕೆಂಡು ತೆಗೆದುಕೊಂಡಿತು. ಎಲ್ಲವೂ ಅವರೇ ಗೆರೆ ಎಳೆದ ನಲವತ್ತೆರಡು ಕಲಮಿನ ಹಾಳೆಯಲ್ಲಿ ದಾಖಲಾಗಿ, ಕೆಳಗೆ ಕೆಂಪು ಶಾಯಿಯಲ್ಲಿ ‘ತಿರಸ್ಕೃತ’ ಎಂದು ಬೀಳುತ್ತಿತ್ತು.

ಹನ್ನೊಂದನೆಯದು ಹಳದಿ ಮನೆ. ನೆಲಮಹಡಿ, ಸಮುದ್ರಕ್ಕೆ ಮೂರು ಬೀದಿ, ಅಡುಗೆಮನೆಯ ಕಿಟಕಿಗೆ ಒರಗಿದ ಪಪ್ಪಾಯ ಗಿಡ, ಮುಂದೆ ಅಗಲವಾದ ಜಗಲಿ. ಮಾಲೀಕಳು ಮೇಲಿನ ಮಹಡಿಯ ಅಜ್ಜಿ. ಮೂವತ್ತು ವರ್ಷ ಆಪರೇಷನ್ ಟೇಬಲ್ಲಿನ ಪಕ್ಕ ನಿಂತೇ ಸವೆದ ಸಿಸ್ಟರ್ ಆ ಜಗಲಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು. ಗಾಳಿ ಬಂತು. ಎದುರು ಮನೆಯವಳು ಕೈ ಬೀಸಿದಳು. ‘ಇನ್ನು ನನ್ನನ್ನು ಎಬ್ಬಿಸಬೇಡಿ’ ಎನ್ನಬೇಕೆನಿಸಿತು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು: “ಗೋಲಿ ಏಳಡಿ ಉರುಳ್ತು ಕಣೇ! ಏಳು!”

ಶುಕ್ರವಾರ ಸಂಜೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಬಾಡಿಗೆಗೆ ಕೊಡುತ್ತೇನೆ ಎಂದಳು ಅಜ್ಜಿ. ಇನ್ಸ್‌ಪೆಕ್ಟರರು ಮನೆಗೆ ಬಂದು ಕೆಂಪು ಶಾಯಿಯ ಮುಚ್ಚಳ ತೆಗೆದರು.

ಸಿಸ್ಟರ್ ನೇರವಾಗಿ ತಮ್ಮನ ಕ್ಲಿನಿಕ್ಕಿಗೆ ಹೋಗಿ, ಪೇಷೆಂಟ್ ಕುರ್ಚಿಯಲ್ಲೇ ಮಲಗಿಬಿಟ್ಟರು.

“ಏನಾಯ್ತಕ್ಕ, ಹಲ್ಲು ನೋವಾ?”

“ಗಂಡ ನೋವು ಕಣೋ. ಕಿತ್ತು ಬಿಸಾಕೋಕಾಗಲ್ಲ, ಬೇರು ಆಳಕ್ಕಿಳಿದಿದೆ. ನನಗೆ ಆ ಮನೆ ಬೇಕು. ಶುಕ್ರವಾರದೊಳಗೆ ಏನಾದರೂ ಮಾಡೋ.”

“ನೀನೇ ಹೇಳಿ ನೋಡಬಾರದಾ?”

“ಹೇಳೋಕೆ ಕಲಂ ಎಲ್ಲಿದೆ? ನಲವತ್ತೆರಡರಲ್ಲಿ ನಲ್ಲಿಗೆ ನಾಲ್ಕು, ನೊಣಕ್ಕೆ ಎರಡು. ನನಗೆ ಒಂದೂ ಇಲ್ಲ.”

ತಮ್ಮ ಗ್ಲೌಸ್ ಕಳಚಿದ. “ಹಾಗಾದ್ರೆ ನಾವೇ ಒಂದು ಫಾರಂ ಮಾಡೋಣ. ಭಾವ ದೇವರ ಮಾತಾದರೂ ಮೀರ್ತಾರೆ, ಫಾರಂ ಮೀರಲ್ಲ.”

ಮಂಗಳವಾರ ಬೆಳಿಗ್ಗೆ ಇನ್ಸ್‌ಪೆಕ್ಟರರ ಫೋನು ಬಡಿದುಕೊಂಡಿತು. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ನಿವೃತ್ತಿಯಾಗುವ ದನಿ: “ಹ್ಞಾಂ... ವಿದೇಶಿ ನಿವೃತ್ತರ ವಾಸಯೋಗ್ಯತಾ ಪರಿಶೀಲನಾ ಕಚೇರಿ. ನೀವು ಹನ್ನೊಂದು ಮನೆ ಪರಿಶೀಲಿಸಿದ್ದೀರಂತೆ. ನಿಯಮದ ಪ್ರಕಾರ ಈಗ ನಿಮ್ಮ ಪರಿಶೀಲನೆ. ಫಾರಂ ಕಳಿಸಿದ್ದೇವೆ. ತುಂಬಿ, ನೀವು ನೋಡಿದ ಯಾರಾದರೊಬ್ಬ ಮಾಲೀಕರಿಗೆ ಓದಲು ಕೊಡಿ. ಓದಿದ ಮೇಲೂ ‘ಇಂಥವರು ನನ್ನ ಮನೆಗೆ ಬರಲಿ’ ಅಂತ ಅವರು ಸಹಿ ಮಾಡಿದರೆ ನೀವು ಪಾಸು, ಆ ಮನೆಯಲ್ಲೇ ವಾಸ. ಗಡುವು, ಹ್ಞಾಂ... ಶುಕ್ರವಾರ.”

“ಸರಿ ಸಾರ್,” ಎಂದರು ಇನ್ಸ್‌ಪೆಕ್ಟರರು, ಕುರ್ಚಿಯಿಂದ ಎದ್ದು ನಿಂತು.

ಫಾರಂ ಬಂತು. ನಲವತ್ತೆರಡು ಕಲಂ, ಕೆಳಗೆ ದುಂಡನೆಯ ಮುದ್ರೆ. ಮುದ್ರೆ ಕಂಡದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು. ಬೇರೆಯವರಾಗಿದ್ದರೆ ಉತ್ತರಗಳಿಗೆ ಸ್ವಲ್ಪ ಸುಣ್ಣ ಬಳಿಯುತ್ತಿದ್ದರು. ಇವರು ಜನ್ಮದಲ್ಲಿ ಸುಳ್ಳು ಅಂಕಿ ಬರೆದವರಲ್ಲ. ‘ಚಹಾ ಹೀರುವ ಸದ್ದು ಎಷ್ಟು ದೂರ ಕೇಳಿಸುತ್ತದೆ?’ ಎಂಬ ಕಲಮಿಗೆ ಹೆಂಡತಿಯನ್ನು ಒಂದೊಂದೇ ಹೆಜ್ಜೆ ಹಿಂದೆ ಸರಿಸುತ್ತ ಗೇಟಿನವರೆಗೆ ಕಳಿಸಿದರು.

“ಈಗ ಕೇಳತ್ತಾ?”

“ಕೇಳತ್ತೆ ರೀ!”

“ಈಗ?”

“ಪಕ್ಕದ ಮನೆಯವರಿಗೂ ಕೇಳತ್ತಂತೆ!”

‘ಹನ್ನೆರಡು ಮೀಟರಿಗೂ ಮೇಲ್ಪಟ್ಟು’ ಎಂದು ಬರೆದರು. ಮಧ್ಯಾಹ್ನದ ನಿದ್ದೆಯ ಗೊರಕೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಕೇಳಿ, ‘ಇದು ಯಾರದು?’ ಎಂದು ಬೆಚ್ಚಿದರು. ಕೊನೆಯ ಕಲಮನ್ನು ಮಾತ್ರ ಪರೀಕ್ಷೆ ಬರೆಯುವ ಹುಡುಗನ ಹಾಗೆ ಮೊಣಕೈ ಅಡ್ಡ ಇಟ್ಟು ತುಂಬಿದರು. ಅದು ಸಿಸ್ಟರ್ ತಾವೇ ಬರೆದುಕೊಟ್ಟ ಪ್ರಶ್ನೆ. ಉತ್ತರ ಏನು ಬಿತ್ತೆಂದು ಕತ್ತು ಉದ್ದ ಮಾಡಿದರೂ ಕಾಣಲಿಲ್ಲ.

ಇನ್ನು ಸಹಿ. ಬುಧವಾರ ಗುರುವಾರ ಎರಡು ದಿನವೂ ಇನ್ಸ್‌ಪೆಕ್ಟರರು ಮಾಲೀಕರಿಗೆ ಫೋನು ಹಚ್ಚಿದರು. ಬೆಟ್ಟದವನು “ಗೋಲಿಯವರಾ?” ಎಂದು ಕೇಳಿ ಫೋನಿಟ್ಟ. ಲಿಫ್ಟಿನ ಮನೆಯವನು ಐವತ್ತಮೂರು ಸೆಕೆಂಡು ಬೈದ. ಇವರು ಗಡಿಯಾರ ನೋಡಿಕೊಂಡಿದ್ದರು. ಹತ್ತು ಮಂದಿಯೂ ಕೈಯೆತ್ತಿದರು. ಗುರುವಾರ ಸಂಜೆ ಅವರು ಸೋಫಾದಲ್ಲಿ ಕುಸಿದು, “ಹತ್ತು ಮನೇಲಿ ಒಬ್ಬರಿಗೂ ನಾನು ಬೇಡವಂತೆ ಕಣೇ,” ಎಂದಾಗ ಸಿಸ್ಟರಿಗೆ ಪಾಪವೆನಿಸಿತು. ನಿಜ ಹೇಳಿಬಿಡಲೇ ಎಂದು ತಮ್ಮನ ಕಡೆ ನೋಡಿದರೆ, ಅವನು ಪತ್ರಿಕೆಯ ಹಿಂದೆ ಅಡಗಿದ್ದ. ಪತ್ರಿಕೆ ನಡುಗುತ್ತಿತ್ತು.

ಶುಕ್ರವಾರ ನಾಲ್ಕು ಗಂಟೆಗೆ ಮೂವರೂ ಹಳದಿ ಮನೆಯ ಜಗಲಿಯಲ್ಲಿದ್ದರು. ಇನ್ಸ್‌ಪೆಕ್ಟರರು ಎರಡೂ ಕೈಯಲ್ಲಿ ಫಾರಂ ಹಿಡಿದು ಅಜ್ಜಿಗೆ ಒಪ್ಪಿಸಿದರು. ಅಜ್ಜಿ ಭೂತಗನ್ನಡಿ ತರಿಸಿ ಗಟ್ಟಿಯಾಗಿ ಓದತೊಡಗಿದಳು.

“ಗೊರಕೆ... ಅಯ್ಯೋ ನನ್ನ ಯಜಮಾನರದು ಇದಕ್ಕಿಂತ ಜೋರಿತ್ತು, ಬಿಡಪ್ಪ. ಹಠ... ‘ಅಳತೆಗೆ ಸಿಕ್ಕಿಲ್ಲ.’ ಚೆನ್ನಾಗಿದೆ.” ಕೊನೆಗೆ ಭೂತಗನ್ನಡಿ ಮುದ್ರೆಯ ಮೇಲೆ ನಿಂತಿತು. “ಎಂಬತ್ತು ವರ್ಷದಿಂದ ಇಲ್ಲೇ ಇದೀನಿ, ಇಂಥ ಕಚೇರಿ ಹೆಸರು ಕೇಳಿಲ್ಲ. ಅಲ್ಲಪ್ಪ, ಸರ್ಕಾರದ ಮುದ್ರೆ ನಡುವೆ ದವಡೆ ಹಲ್ಲು ಯಾಕಿದೆ?”

ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರರು ಮುದ್ರೆ ಇದೆಯೇ ಎಂದು ನೋಡಿದ್ದರೇ ಹೊರತು, ಮುದ್ರೆಯೊಳಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಈಗ ಬಗ್ಗಿ ನೋಡಿದರು. ಹಲ್ಲು. ಬೇರು ಸಮೇತ.

ನಿಧಾನವಾಗಿ ಭಾಮೈದನ ಕಡೆ ತಿರುಗಿದರು.

“ಹ್ಞಾಂ...” ಎಂದಿತು ಭಾಮೈದನ ಮೂಗು, ತನಗೇ ತಿಳಿಯದಂತೆ.

ಸಿಸ್ಟರ್ ಅಜ್ಜಿಯ ಮಡಿಲು ನೋಡಿದರು. ಬಾಡಿಗೆಯ ಕರಾರುಪತ್ರ ಇನ್ನೂ ಸಹಿಯಿಲ್ಲದೆ ಅಲ್ಲೇ ಇತ್ತು. ಮುಗಿಯಿತು, ಇವರು ಚೀಲ ಎತ್ತಿಕೊಂಡು ನಡೆಯುತ್ತಾರೆ, ಜಗಲಿಯೂ ಹೋಯಿತು, ಗಾಳಿಯೂ ಹೋಯಿತು.

ಇನ್ಸ್‌ಪೆಕ್ಟರರು ಫಾರಂ ಹಿಂದಕ್ಕೆ ತೆಗೆದುಕೊಂಡರು. “ಅಜ್ಜಿ, ನೀವು ಒಂದು ಕಲಂ ಬಿಟ್ಟಿರಿ,” ಎಂದು ತಾವೇ ಓದಿದರು: “ಕಲಂ ನಲವತ್ತೆರಡು. ಮನೆಗಳನ್ನು ತಿರಸ್ಕರಿಸುವ ಮೊದಲು ಪತ್ನಿಯ ಅಭಿಪ್ರಾಯ ಕೇಳಿದ್ದು ಎಷ್ಟು ಬಾರಿ? ಉತ್ತರ, ಸೊನ್ನೆ.” ತಲೆಯೆತ್ತದೆ ಕೇಳಿದರು: “ಪ್ರಶ್ನೆ ನಿಂದೇ ತಾನೇ?”

“ನಂದೇ ರೀ.”

“ಅಂದ್ಕೊಂಡೆ. ಯಾವ ಕಚೇರಿಗೂ ಇಷ್ಟು ನೇರವಾಗಿ ಕೇಳೋಕೆ ಬರಲ್ಲ.” ಈಗ ತಲೆಯೆತ್ತಿದರು. “ಈ ಮನೆ ನಿನಗೆ ಹೇಗನಿಸತ್ತೆ?”

“ಬಿಟ್ಟು ಬರೋಕೆ ಮನಸ್ಸಿಲ್ಲ,” ಎಂದರು ಸಿಸ್ಟರ್. ಹೇಳಿದ್ದೇ ಆ ಕಟ್ಟೆಯ ಮೇಲೆ ಮತ್ತೆ ಕಾಲು ಚಾಚಿ ಕೂತರು.

ಇನ್ಸ್‌ಪೆಕ್ಟರರು ಪೆನ್ನು ತೆಗೆದು ಸೊನ್ನೆಯನ್ನು ಹೊಡೆದುಹಾಕಿದರು, ಪಕ್ಕದಲ್ಲಿ ‘ಒಂದು’ ಎಂದು ಬರೆದರು, ತಿದ್ದಿದ ಕಡೆ ನಿಯಮದಂತೆ ಚುಟುಕು ಸಹಿ ಹಾಕಿದರು. ಅದೇ ಪೆನ್ನಿನಲ್ಲಿ ಕರಾರುಪತ್ರಕ್ಕೂ ಸಹಿ ಮಾಡಿದರು. ಆಮೇಲೆ ಇನ್ನೊಮ್ಮೆ ಆ ಹಲ್ಲನ್ನು ನೋಡಿದರು.

ಮೊದಲು ಭುಜ ಅಲುಗಿತು. ಆಮೇಲೆ ಹೊಟ್ಟೆ. ಭಾಮೈದ ಅಂಜುತ್ತ ಕಿಸಕ್ಕೆಂದ, ಅಜ್ಜಿ ಬೊಚ್ಚುಬಾಯಿ ತೆರೆದಳು, ಸಿಸ್ಟರ್ ಸೆರಗು ಬಾಯಿಗೆ ಒತ್ತಿಕೊಂಡರು. ಆದರೆ ಇನ್ಸ್‌ಪೆಕ್ಟರರ ನಗು ಅವರೆಲ್ಲರದನ್ನೂ ನುಂಗಿಹಾಕಿ ಬೀದಿಗಿಳಿಯಿತು. ಎದುರು ಮನೆಯವಳು ಯಾರಿಗೆ ಏನಾಯಿತೋ ಎಂದು ಬಾಗಿಲು ತೆರೆದು ಓಡಿಬಂದಳು.